ಸತ್ತ ಸ್ನಾಯು, ಸುಮ್ಮನಿರುವ ಸ್ನಾಯು: ಹೃದಯದ ಎಂಆರ್‌ಐನಲ್ಲಿ ಮ್ಯಾಂಗನೀಸ್

ಹೃದಯಾಘಾತ ಕಂಡವರ ಎಕೋ ವರದಿಯಲ್ಲಿ ಒಂದು ಸಾಲು ಪದೇ ಪದೇ ಬರುತ್ತದೆ: ಎಡ ಹೃತ್ಕುಕ್ಷಿಯ ಮುಂಗೋಡೆ, ಇಲ್ಲವೇ ಕೆಳಗೋಡೆ, ಸರಿಯಾಗಿ ಚಲಿಸುತ್ತಿಲ್ಲ. ಆ ಸ್ನಾಯು ಸತ್ತು ಕಲೆಗಟ್ಟಿದೆಯೋ, ರಕ್ತ ಸಾಲದೆ ಕೆಲಸ ನಿಲ್ಲಿಸಿ ಕೂತಿದೆಯೋ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಸತ್ತಿದ್ದರೆ ಸ್ಟೆಂಟ್ ಹಾಕಿಯೂ ಬೈಪಾಸ್ ಮಾಡಿಯೂ ಅದು ಮತ್ತೆ ಮಿಡಿಯದು. ಸುಮ್ಮನಿದೆ ಎಂದಾದರೆ ಆಸೆ ಉಂಟು. ಇದನ್ನು ಬಿಡಿಸಲು ಹೃದ್ರೋಗ ತಜ್ಞರು ಥ್ಯಾಲಿಯಂ ಸ್ಕ್ಯಾನ್, ಸಕ್ಕರೆಯ ಪೆಟ್ ಸ್ಕ್ಯಾನ್, ಡೊಬುಟಮಿನ್ ಕೊಟ್ಟು ಮಾಡುವ ಎಕೋ ಎಲ್ಲವನ್ನೂ ಬಳಸಿ ನೋಡಿದ್ದಾರೆ. ಈಚಿನ ಇಪ್ಪತ್ತೈದು ವರ್ಷಗಳಲ್ಲಿ ಹೆಚ್ಚು ನಂಬಿಕೆ ಗಳಿಸಿರುವುದು ಗ್ಯಾಡೊಲಿನಿಯಂ ಎಂಬ ಲೋಹದ ಕಾಂಟ್ರಾಸ್ಟ್ ಚುಚ್ಚಿ ಮಾಡುವ ಎಂಆರ್‌ಐ. ಈ ಲೇಖನ ಅದರ ನೆರಳಿನಲ್ಲಿ ಉಳಿದುಹೋದ ಇನ್ನೊಂದು ಲೋಹದ ಬಗ್ಗೆ. ಮ್ಯಾಂಗನೀಸ್ ಕಾಂಟ್ರಾಸ್ಟ್ ಆಗಿ ಗ್ಯಾಡೊಲಿನಿಯಂಗಿಂತ ಹಳೆಯದು, ಹೃದಯದ ಮಟ್ಟಿಗೆ ಅದಕ್ಕಿಂತ ಆಳವಾದ ಪ್ರಶ್ನೆ ಕೇಳಬಲ್ಲದು. ಆದರೂ ಇಂದಿಗೂ ಯಾವ ದೇಶದಲ್ಲಿಯೂ ಹೃದ್ರೋಗಿಗೆ ವಾಡಿಕೆಯಾಗಿ ಕೊಡುವ ಔಷಧವಾಗಿಲ್ಲ.

ಎಂಆರ್‌ಐ ಯಂತ್ರ ಮುಖ್ಯವಾಗಿ ನೋಡುವುದು ದೇಹದ ನೀರನ್ನು, ಅಂದರೆ ನೀರಿನಲ್ಲಿರುವ ಹೈಡ್ರೋಜನ್‌ನ ಪ್ರೋಟಾನುಗಳನ್ನು. ರೇಡಿಯೊ ತರಂಗದ ಪೆಟ್ಟಿಗೆ ಕದಲಿದ ಪ್ರೋಟಾನುಗಳು ಮತ್ತೆ ಕಾಂತಕ್ಷೇತ್ರಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯಕ್ಕೆ ಟಿ1 ಎನ್ನುತ್ತಾರೆ. ಒಂದೂವರೆ ಟೆಸ್ಲಾ ಯಂತ್ರದಲ್ಲಿ ಆರೋಗ್ಯವಂತ ಹೃದಯ ಸ್ನಾಯುವಿನ ಟಿ1 ಸುಮಾರು 1000 ಮಿಲಿಸೆಕೆಂಡು. ಜೋಡಿಯಿಲ್ಲದ ಎಲೆಕ್ಟ್ರಾನುಗಳಿರುವ ಲೋಹದ ಅಯಾನು ಹತ್ತಿರ ಬಂದರೆ ಈ ಸಮಯ ಕುಗ್ಗುತ್ತದೆ, ಚಿತ್ರದಲ್ಲಿ ಆ ಜಾಗ ಬೆಳಗುತ್ತದೆ. ಗ್ಯಾಡೊಲಿನಿಯಂನಲ್ಲಿ ಅಂಥ ಎಲೆಕ್ಟ್ರಾನುಗಳು ಏಳು, ಮ್ಯಾಂಗನೀಸಿನ ಎರಡು ಧನಾವೇಶದ ಅಯಾನಿನಲ್ಲಿ ಐದು. ಬರೀ ಈ ಲೆಕ್ಕ ನೋಡಿದರೆ ಗ್ಯಾಡೊಲಿನಿಯಂ ಗೆಲ್ಲಬೇಕು. ಗೆದ್ದದ್ದೂ ಅದೇ.

ಮೊದಲು ಕಣಕ್ಕಿಳಿದದ್ದು ಮಾತ್ರ ಮ್ಯಾಂಗನೀಸ್. 1973ರಲ್ಲಿ ಕಾಂತೀಯ ಅನುರಣನದಿಂದ ಚಿತ್ರ ತೆಗೆಯಬಹುದೆಂದು ತೋರಿಸಿ, ಮುಂದೆ 2003ರಲ್ಲಿ ನೊಬೆಲ್ ಹಂಚಿಕೊಂಡ ಪಾಲ್ ಲಾಟರ್‌ಬರ್ ಮತ್ತು ಸಂಗಡಿಗರು 1978ರಲ್ಲಿ ನಾಯಿಗಳ ಹೃದಯದ ಒಂದು ರಕ್ತನಾಳ ಮುಚ್ಚಿ, ಮ್ಯಾಂಗನೀಸ್ ಲವಣ ಕೊಟ್ಟು, ರಕ್ತ ತಪ್ಪಿದ ಸ್ನಾಯುವಿಗೂ ಮಿಕ್ಕ ಸ್ನಾಯುವಿಗೂ ವ್ಯತ್ಯಾಸ ಕಾಣುತ್ತದೆಂದು ವರದಿ ಮಾಡಿದರು. ಎಂಆರ್‌ಐ ಕಾಂಟ್ರಾಸ್ಟಿನ ಕಥೆ ಶುರುವಾದದ್ದೇ ಹೃದಯದಿಂದ ಮತ್ತು ಮ್ಯಾಂಗನೀಸಿನಿಂದ ಎಂಬುದನ್ನು ಈಗಿನ ರೇಡಿಯಾಲಜಿಯವರಲ್ಲಿ ಹಲವರು ಮರೆತಿದ್ದಾರೆ. ಹತ್ತು ವರ್ಷದೊಳಗೆ, 1988ರಲ್ಲಿ, ಗ್ಯಾಡೊಲಿನಿಯಂನ ಮೊದಲ ಔಷಧ ಮ್ಯಾಗ್ನೆವಿಸ್ಟ್ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬಿಗಿಯಾದ ಸಾವಯವ ಕವಚದೊಳಗೆ ಕೂತ ಲೋಹ ಅದು. ಜೀವಕೋಶದ ಒಳಗೆ ಹೋಗದು, ಕಿಡ್ನಿ ಸರಿಯಿದ್ದವರಲ್ಲಿ ಬಹುಪಾಲು ಒಂದೇ ದಿನದಲ್ಲಿ ಮೂತ್ರದ ದಾರಿ ಹಿಡಿದು ಹೊರಬೀಳುತ್ತದೆ. ಔಷಧ ಕಂಪನಿಗೆ ಇದಕ್ಕಿಂತ ಒಳ್ಳೆಯ ಗುಣ ಇನ್ನೇನು ಬೇಕು?

ಗ್ಯಾಡೊಲಿನಿಯಂ ಹೃದಯದ ಕಲೆಯನ್ನು ತೋರಿಸುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜೀವಂತ ಸ್ನಾಯುವಿನಲ್ಲಿ ಕೋಶಗಳು ಒತ್ತೊತ್ತಾಗಿ ಇರುತ್ತವೆ, ನಡುವೆ ಜಾಗ ಕಡಿಮೆ. ಕೋಶ ಸತ್ತು ಪೊರೆ ಒಡೆದಾಗ, ಅಥವಾ ತಿಂಗಳುಗಳ ಮೇಲೆ ಅಲ್ಲಿ ನಾರು ಬೆಳೆದಾಗ, ಗ್ಯಾಡೊಲಿನಿಯಂ ನಿಲ್ಲಲು ಜಾಗ ಹೆಚ್ಚುತ್ತದೆ. ಚುಚ್ಚಿದ ಹತ್ತು ಹದಿನೈದು ನಿಮಿಷಗಳ ನಂತರ ಚಿತ್ರ ತೆಗೆದರೆ ಒಳ್ಳೆಯ ಸ್ನಾಯುವಿನಿಂದ ಅದು ತೊಳೆದುಹೋಗಿರುತ್ತದೆ, ಕಲೆಯಲ್ಲಿ ಉಳಿದಿರುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರೇಮಂಡ್ ಕಿಮ್ ಮತ್ತು ರಾಬರ್ಟ್ ಜಡ್ ಮೊದಲಾದವರು 1999 ಮತ್ತು 2000ದಲ್ಲಿ ಪ್ರಕಟಿಸಿದ ಕೆಲಸದ ಮೇಲೆ ಈ ಪದ್ಧತಿ ಲೋಕಪ್ರಿಯವಾಯಿತು. ಬೆಳಗಿದ್ದೆಲ್ಲ ಸತ್ತದ್ದು ಎಂಬ ಮಾತು ಹೃದಯದ ಎಂಆರ್‌ಐ ಕಲಿಯುವವರಿಗೆ ಪಾಠದಂತಾಯಿತು.

ಆದರೆ ಗ್ಯಾಡೊಲಿನಿಯಂ ಕಾಣಿಸುವುದು ಕೋಶಗಳ ನಡುವಿನ ಜಾಗವನ್ನು. ಕೋಶ ಬದುಕಿದೆಯೇ ಎಂದು ಅದು ವಿಚಾರಿಸುವುದೇ ಇಲ್ಲ. ಬೀದಿ ಸುತ್ತಿ ಬಂದವನು ಮನೆಯೊಳಗೆ ಜನ ಇದ್ದಾರೆಂದು ಊಹೆ ಹೇಳಿದ ಹಾಗೆ. ಹೃದಯಾಘಾತದ ಮೊದಲ ದಿನಗಳಲ್ಲಿ ಸ್ನಾಯು ಊದಿಕೊಂಡಿರುತ್ತದೆ, ನೀರು ತುಂಬಿ ಕೋಶಗಳ ನಡುವಿನ ಜಾಗ ಹಿಗ್ಗಿರುತ್ತದೆ. ಆಗ ಬದುಕಿರುವ ಭಾಗವೂ ಬೆಳಗಿ ಕಲೆಯನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುವುದುಂಟು.

ಮ್ಯಾಂಗನೀಸ್ ಮನೆಯೊಳಗೇ ಹೋಗುತ್ತದೆ. ಅದಕ್ಕೆ ಬಾಗಿಲು ತೆರೆದುಕೊಡುವುದು ಕ್ಯಾಲ್ಸಿಯಂನ ವ್ಯವಸ್ಥೆ. ಲಂಡನ್ನಿನ ಸಿಡ್ನಿ ರಿಂಗರ್ 1880ರ ದಶಕದ ಆರಂಭದಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಮಿಡಿಸುತ್ತಿದ್ದರು. ಆ ದ್ರಾವಣಕ್ಕೆ ಸಹಾಯಕ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಸುತ್ತಿದ್ದನಂತೆ. ಶುದ್ಧ ನೀರು ಹಾಕಿದಾಗ ಹೃದಯ ಬೇಗ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಇಲ್ಲದೆ ಹೃದಯ ಮಿಡಿಯದು ಎಂದು ಗೊತ್ತಾದದ್ದು ಹಾಗೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ತೂಗುವ ‘ಆರ್‌ಎಲ್’ ಬಾಟಲಿಯ ರಿಂಗರ್ ಇದೇ ರಿಂಗರ್. ಪ್ರತಿ ಮಿಡಿತಕ್ಕೂ ಸ್ನಾಯುಕೋಶದ ಪೊರೆಯ ಮೇಲಿನ ಎಲ್-ಮಾದರಿಯ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆದು ಒಂದಿಷ್ಟು ಕ್ಯಾಲ್ಸಿಯಂ ಒಳಗೆ ಬಿಡುತ್ತವೆ. ಗಾತ್ರದಲ್ಲಿಯೂ ವಿದ್ಯುದಾವೇಶದಲ್ಲಿಯೂ ಕ್ಯಾಲ್ಸಿಯಂಗೆ ಹತ್ತಿರವಾದ ಮ್ಯಾಂಗನೀಸ್ ಅದೇ ಚಾನೆಲಿನಲ್ಲಿ ನುಸುಳುತ್ತದೆ. ಒಳಹೋದ ಮೇಲೆ ಕ್ಯಾಲ್ಸಿಯಂನಂತೆ ಬೇಗ ಹೊರಬರುವುದಿಲ್ಲ. ಪ್ರೋಟೀನುಗಳಿಗೆ ಅಂಟಿ, ಬಹುಪಾಲು ಮೈಟೊಕಾಂಡ್ರಿಯಾದಲ್ಲಿ ನೆಲೆಸಿ, ಗಂಟೆಗಟ್ಟಲೆ ಉಳಿಯುತ್ತದೆ. ಪ್ರೋಟೀನಿಗೆ ಅಂಟಿದಾಗ ಟಿ1 ಕುಗ್ಗಿಸುವ ಅದರ ಶಕ್ತಿಯೂ ಹೆಚ್ಚುತ್ತದೆ. ಪ್ರಾಣಿಗಳ ಪ್ರಯೋಗದಲ್ಲಿ ಡೊಬುಟಮಿನ್ ಕೊಟ್ಟು ಹೃದಯವನ್ನು ಚುರುಕು ಮಾಡಿದರೆ ಮ್ಯಾಂಗನೀಸಿನ ಸೇವನೆ ಏರಿತು. ಡಿಲ್ಟಿಯಾಜೆಮ್‌ನಂಥ ಕ್ಯಾಲ್ಸಿಯಂ ತಡೆಮದ್ದು ಕೊಟ್ಟಾಗ ಇಳಿಯಿತು. ಅಂದರೆ ಬೆಳಗುವುದು ಬದುಕಿರುವ, ಕ್ಯಾಲ್ಸಿಯಂ ವ್ಯವಹಾರ ಸರಿಯಾಗಿ ನಡೆಸುತ್ತಿರುವ ಕೋಶ. ಗ್ಯಾಡೊಲಿನಿಯಂ ಚಿತ್ರದಲ್ಲಿ ಬಿಳಿ ಸಾವಿನ ಬಣ್ಣವಾದರೆ ಇಲ್ಲಿ ಜೀವದ್ದು.

ಇಷ್ಟು ಚೆಂದದ ಗುಣವಿದ್ದೂ ಅದು ಯಾಕೆ ಸೋತಿತು ಎಂಬುದಕ್ಕೆ ಉತ್ತರ ಅದೇ ಗುಣದಲ್ಲಿದೆ. ಕ್ಯಾಲ್ಸಿಯಂನ ಜಾಗ ಹಿಡಿಯುವ ಲೋಹ ಕ್ಯಾಲ್ಸಿಯಂನ ಕೆಲಸವನ್ನು ಕೆಡಿಸುತ್ತದೆ. ಬರಿಯ ಮ್ಯಾಂಗನೀಸ್ ಕ್ಲೋರೈಡನ್ನು ಒಮ್ಮೆಗೇ ರಕ್ತಕ್ಕೆ ಬಿಟ್ಟರೆ ಹೃದಯದ ಹಿಡಿತ ಸಡಿಲವಾಗುತ್ತದೆ, ರಕ್ತದೊತ್ತಡ ಬೀಳುತ್ತದೆ, ಲಯ ತಪ್ಪುತ್ತದೆ, ಪ್ರಮಾಣ ಮೀರಿದರೆ ಹೃದಯವೇ ನಿಲ್ಲಬಹುದು. ಮೊದಲೇ ಸೋತ ಹೃದಯದವರಿಗೆ ಇಂಥದ್ದನ್ನು ಚುಚ್ಚುವ ಧೈರ್ಯ ಯಾರಿಗಿದೆ?

ಎರಡು ಉಪಾಯಗಳು ಬಂದವು. ಅಮೆರಿಕದ ಈಗಲ್ ವಿಷನ್ ಎಂಬ ಕಂಪನಿ ಮ್ಯಾಂಗನೀಸ್ ಗ್ಲುಕೋನೇಟ್ ಜೊತೆಗೇ ಕ್ಯಾಲ್ಸಿಯಂ ಗ್ಲುಕೋನೇಟ್ ಬೆರೆಸಿ ಸೀಮೋರ್ ಎಂಬ ಔಷಧ ಮಾಡಿತು, ಒಂದು ಕೈಯಲ್ಲಿ ತಡೆ, ಇನ್ನೊಂದು ಕೈಯಲ್ಲಿ ಪರಿಹಾರ. ಮನುಷ್ಯರ ಮೇಲೂ ಪರೀಕ್ಷೆಗಳಾದವು, ಮಾರುಕಟ್ಟೆಗೆ ಬರಲಿಲ್ಲ. ಇನ್ನೊಂದು ಉಪಾಯ ಹೆಚ್ಚು ಕುತೂಹಲದ್ದು. ಮ್ಯಾಂಗನೀಸನ್ನು ಬಿ6 ಜೀವಸತ್ವದ ನಂಟಿನ ಒಂದು ಅಣುವಿನಲ್ಲಿ ಹಿಡಿದಿಟ್ಟು ಮಾಡಿದ ಮ್ಯಾಂಗಫೋಡಿಪಿರ್. ನಾರ್ವೆಯ ನೈಕೊಮೆಡ್ ಕಂಪನಿ ಟೆಸ್ಲಾಸ್ಕ್ಯಾನ್ ಹೆಸರಿನಲ್ಲಿ ತಂದ ಈ ಹಳದಿ ದ್ರಾವಣಕ್ಕೆ 1997ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಉದ್ದೇಶ ಹೃದಯವಲ್ಲ, ಲಿವರಿನ ಗಡ್ಡೆಗಳನ್ನು ಪತ್ತೆ ಮಾಡುವುದು. ಕವಚ ಗಟ್ಟಿಯಾಗಿರಬೇಕೆಂಬ ರಸಾಯನಶಾಸ್ತ್ರದ ನಿಯಮದ ಪ್ರಕಾರ ನೋಡಿದರೆ ಇದು ಸೋತ ಔಷಧ. ರಕ್ತದಲ್ಲಿರುವ ಸತು ಬಂದು ಮ್ಯಾಂಗನೀಸನ್ನು ಕವಚದಿಂದ ಎಬ್ಬಿಸಿ ತಾನು ಕೂರುತ್ತದೆ, ಸುಮಾರು ನೂರಕ್ಕೆ ಎಂಬತ್ತು ಪಾಲು ಮ್ಯಾಂಗನೀಸ್ ಹೀಗೆ ಬಿಡುಗಡೆಯಾಗುತ್ತದೆ. ಹೃದಯದ ದೃಷ್ಟಿಯಿಂದ ಈ ಸೋಲೇ ಲಾಭ. ಮ್ಯಾಂಗನೀಸ್ ಒಮ್ಮೆಗೇ ನುಗ್ಗದೆ ಸ್ವಲ್ಪ ಸ್ವಲ್ಪವಾಗಿ ದೊರೆಯುತ್ತದೆ, ಚಾನೆಲ್‌ಗಳು ಅದನ್ನು ಎತ್ತಿಕೊಳ್ಳುತ್ತವೆ, ರಕ್ತದೊತ್ತಡ ಕೆಡುವುದಿಲ್ಲ. ರೋಗಿಗೆ ಸಾಮಾನ್ಯವಾಗಿ ಆಗುವುದು ಮುಖ ಬಿಸಿಯಾದಂತೆ, ಕೆಂಪಾದಂತೆ ಅನ್ನಿಸುವುದು, ಕೆಲವರಿಗೆ ವಾಕರಿಕೆ.

ಸುರಕ್ಷತೆಯ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಮ್ಯಾಂಗಫೋಡಿಪಿರ್‌ನ ಪ್ರಮಾಣ ಕಿಲೋ ತೂಕಕ್ಕೆ 5 ಮೈಕ್ರೋಮೋಲ್, ಗ್ಯಾಡೊಲಿನಿಯಂನ ಸಾಮಾನ್ಯ ಪ್ರಮಾಣದ ಇಪ್ಪತ್ತರಲ್ಲೊಂದು ಪಾಲು. ಕೇಳಲು ಪುಟ್ಟದು. ಆದರೆ 70 ಕಿಲೋ ಇರುವವರಿಗೆ ಅದು 350 ಮೈಕ್ರೋಮೋಲ್, ತೂಕದಲ್ಲಿ ಸುಮಾರು 19 ಮಿಲಿಗ್ರಾಂ ಮ್ಯಾಂಗನೀಸ್ ಆಗುತ್ತದೆ. ವಯಸ್ಕರ ಇಡೀ ದೇಹದಲ್ಲಿ ಇರುವುದೇ 10ರಿಂದ 20 ಮಿಲಿಗ್ರಾಂ. ದಿನದ ಊಟದಲ್ಲಿ, ಧಾನ್ಯ, ಬೇಳೆ, ಚಹಾದಿಂದ ಕೆಲವು ಮಿಲಿಗ್ರಾಂ ಸೇರುತ್ತದೆ ನಿಜ, ಆದರೆ ಕರುಳು ಅದರಲ್ಲಿ ಒಳಬಿಡುವುದು ನೂರಕ್ಕೆ ಐದಕ್ಕಿಂತ ಕಡಿಮೆ ಪಾಲು. ಸಿರಿಂಜು ಈ ಕಾವಲನ್ನು ದಾಟಿಬಿಡುತ್ತದೆ. ಲಿವರ್ ಸರಿಯಿದ್ದರೆ ಹೆಚ್ಚಿನದು ಪಿತ್ತದೊಂದಿಗೆ ಹೊರಹೋಗುತ್ತದೆ. ಲಿವರ್ ಕೆಟ್ಟವರಲ್ಲಿ ಮಿದುಳಿನ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗದಲ್ಲಿ ಮ್ಯಾಂಗನೀಸ್ ಕೂಡಿಕೊಳ್ಳುವುದು ಎಂಆರ್‌ಐಗೆ ಗೊತ್ತಿರುವ ಸಂಗತಿ. ಗ್ಲಾಸ್ಗೊದ ಜಾನ್ ಕೂಪರ್ 1837ರಲ್ಲೇ ಮ್ಯಾಂಗನೀಸ್ ಅದಿರು ಅರೆಯುವ ಕಾರ್ಮಿಕರ ಕಾಲು ಸೋತು, ಮಾತು ತೊದಲಿ, ಬೆನ್ನು ಬಾಗುವುದನ್ನು ವಿವರಿಸಿದ್ದರು. ಇಂದು ಅದನ್ನು ಮ್ಯಾಂಗನಿಸಂ ಎನ್ನುತ್ತಾರೆ, ಲಕ್ಷಣಗಳು ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುತ್ತವೆ. ಸಂಡೂರಿನ ಗುಡ್ಡಗಳಿಂದ ದಶಕಗಳಿಂದ ಮ್ಯಾಂಗನೀಸ್ ಅದಿರು ತೆಗೆಯುತ್ತಿರುವ ನಾಡಿನವರಾದ ನಮಗೆ ಈ ಕಾಯಿಲೆಯ ಹೆಸರು ಇನ್ನಷ್ಟು ಪರಿಚಿತವಾಗಿರಬೇಕಿತ್ತು. ವರ್ಷಗಟ್ಟಲೆ ದೂಳು ಉಸಿರಾಡುವುದೂ ಒಮ್ಮೆ ಚುಚ್ಚಿಸಿಕೊಳ್ಳುವುದೂ ಒಂದೇ ಅಲ್ಲ. ಆದರೆ ಒಂದೇ ರೋಗಿಗೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡುವ ಯೋಚನೆ ಇದ್ದರೆ ಈ ಲೆಕ್ಕವನ್ನು ಬದಿಗಿಡಲಾಗದು.

ಟೆಸ್ಲಾಸ್ಕ್ಯಾನ್ ಅಮೆರಿಕದ ಮಾರುಕಟ್ಟೆಯಿಂದ 2003ರಲ್ಲಿ, ಯೂರೋಪಿನಿಂದ 2012ರಲ್ಲಿ ಹಿಂದೆ ಸರಿಯಿತು. ಲಿವರಿಗೆ ಗ್ಯಾಡೊಲಿನಿಯಂನ ಬೇರೆ ಔಷಧಗಳು ಬಂದಿದ್ದವು, ವ್ಯಾಪಾರ ಕುಸಿದಿತ್ತು. ವಿಪರ್ಯಾಸವೆಂದರೆ ಅದೇ ಹೊತ್ತಿಗೆ ಗ್ಯಾಡೊಲಿನಿಯಂಗೂ ಕೆಟ್ಟ ಕಾಲ ಶುರುವಾಗಿತ್ತು. ಕಿಡ್ನಿ ಸೋತವರ ಚರ್ಮ ಮರದಂತೆ ಬಿಗಿಯುವ ಹೊಸ ಕಾಯಿಲೆಗೂ ಗ್ಯಾಡೊಲಿನಿಯಂಗೂ ನಂಟಿದೆ ಎಂದು 2006ರಲ್ಲಿ ಆಸ್ಟ್ರಿಯದ ಥಾಮಸ್ ಗ್ರೋಬ್ನರ್ ಎಚ್ಚರಿಸಿದರು, ಮರುವರ್ಷ ಅಮೆರಿಕದ ಔಷಧ ಇಲಾಖೆ ಪೆಟ್ಟಿಗೆಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2014ರಲ್ಲಿ ಜಪಾನಿನ ತೊಮೊನೊರಿ ಕಾಂಡಾ ತಂಡ, ಮತ್ತೆ ಮತ್ತೆ ಗ್ಯಾಡೊಲಿನಿಯಂ ಪಡೆದವರ ಮಿದುಳಿನ ಕೆಲವು ಭಾಗಗಳು ಕಾಂಟ್ರಾಸ್ಟ್ ಇಲ್ಲದೆಯೂ ಬೆಳ್ಳಗೆ ಕಾಣುತ್ತವೆ ಎಂದು ತೋರಿಸಿತು. 2017ರಲ್ಲಿ ಯೂರೋಪು ಸಡಿಲ ಕವಚದ ಹಲವು ಗ್ಯಾಡೊಲಿನಿಯಂ ಔಷಧಗಳನ್ನು ತಡೆಹಿಡಿಯಿತು. ಈಗ ಬಳಕೆಯಲ್ಲಿರುವ ಉಂಗುರ ಕವಚದವು ಬಹಳ ಸುರಕ್ಷಿತ, ಹೆದರುವಂಥದ್ದೇನೂ ಇಲ್ಲ. ಆದರೂ ಬದಲಿ ಬೇಕೆಂಬ ಕೂಗು ಎದ್ದಿತು, ಮ್ಯಾಂಗನೀಸ್ ಮತ್ತೆ ನೆನಪಾಯಿತು.

ಇಲ್ಲಿಯೇ ಒಂದು ಗೊಂದಲ ಹುಟ್ಟಿಕೊಂಡಿದೆ. ಗ್ಯಾಡೊಲಿನಿಯಂಗೆ ಬದಲಿ ಎಂದು ಇಂದು ಮುಂದಿಡುತ್ತಿರುವ ಮ್ಯಾಂಗನೀಸ್ ಔಷಧಗಳು ಎರಡು ಬಗೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಪೀಟರ್ ಕಾರವಾನ್, ಎರಿಕ್ ಗೇಲ್ ತಂಡದ ಪೈಸಿ3ಎ ಎಂಬ ಕವಚದ ಮ್ಯಾಂಗನೀಸ್ ಗ್ಯಾಡೊಲಿನಿಯಂನಂತೆಯೇ ಕೋಶದ ಹೊರಗೆ ಸುತ್ತಿ, ಹಾಗೇ ಹೊರಬೀಳಲೆಂದು ಮಾಡಿದ್ದು. ಮನುಷ್ಯರ ಮೇಲಿನ ಪರೀಕ್ಷೆಗೆ ಬಂದಿದೆ. ಅದು ಯಶಸ್ವಿಯಾದರೆ ಒಳ್ಳೆಯದೇ, ಆದರೆ ಅದು ಕೇಳುವ ಪ್ರಶ್ನೆ ಗ್ಯಾಡೊಲಿನಿಯಂನ ಹಳೆಯ ಪ್ರಶ್ನೆಯೇ. ಮ್ಯಾಂಗನೀಸಿನ ವಿಶೇಷ ಗುಣವನ್ನು ಕಟ್ಟಿಹಾಕಿದಷ್ಟೂ ಅದು ಸುರಕ್ಷಿತ, ಅಷ್ಟೇ ಮೂಕ. ಸ್ವೀಡನ್ನಿನ ಅಸೆಲಿಯಾ ಕಂಪನಿಯ ಕುಡಿಯುವ ಮ್ಯಾಂಗನೀಸ್ ಕ್ಲೋರೈಡ್ ಕಿಡ್ನಿ ಸೋತವರ ಲಿವರ್ ಚಿತ್ರಕ್ಕೆಂದು ಮೂರನೇ ಹಂತದ ಪರೀಕ್ಷೆ ದಾಟಿದೆ, ಅದರಲ್ಲಿ ಹೃದಯಕ್ಕೆ ತಲುಪುವಷ್ಟು ಲೋಹವೇ ಉಳಿಯದು. ಸುದ್ದಿಗಳಲ್ಲಿ ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಹೃದಯಕ್ಕೆ ಬೇಕಿರುವುದು ಇವೆರಡೂ ಅಲ್ಲ, ಮ್ಯಾಂಗಫೋಡಿಪಿರ್‌ನಂತೆ ಹದವಾಗಿ ಸೋರುವ ಔಷಧ.

ಆ ದಾರಿಯಲ್ಲಿ ಗಂಭೀರ ಕೆಲಸ ನಡೆದಿರುವುದು ಎರಡು ಊರುಗಳಲ್ಲಿ. ನಾರ್ವೆಯ ಟ್ರಾಂಡ್ಹೈಮ್‌ನಲ್ಲಿ ಆರ್ನ್‌ಸ್ಟೈನ್ ಸ್ಕಿಯೋಲ್ಡ್ ಮತ್ತು ಸಂಗಡಿಗರು 2000ದ ದಶಕದಲ್ಲೇ ಹೃದಯಾಘಾತವಾದವರಿಗೆ ಮ್ಯಾಂಗಫೋಡಿಪಿರ್ ಕೊಟ್ಟು, ಸತ್ತ ಭಾಗ ಮ್ಯಾಂಗನೀಸನ್ನು ಕಡಿಮೆ ಎತ್ತಿಕೊಳ್ಳುವುದನ್ನು ತೋರಿಸಿದರು. ಮುಂದೆ ಎಡಿನ್‌ಬರದ ಡೇವಿಡ್ ನ್ಯೂಬಿ, ಮಾರ್ಕ್ ಡ್ವೆಕ್, ನಿಕ್ ಸ್ಪಾತ್, ತೃಷಾ ಸಿಂಗ್ ಮೊದಲಾದವರು ಮಾರುಕಟ್ಟೆಯಲ್ಲಿ ಸಿಗದ ಔಷಧವನ್ನು ಸಂಶೋಧನೆಗೆಂದು ಒದಗಿಸಿಕೊಂಡು ಈ ಕೆಲಸವನ್ನು ಮುಂದುವರಿಸಿದರು. ಅವರ ವಿಧಾನ ಹೀಗೆ: ಮೊದಲು ಕಾಂಟ್ರಾಸ್ಟ್ ಇಲ್ಲದೆ ಹೃದಯದ ಟಿ1 ನಕ್ಷೆ ತೆಗೆಯುತ್ತಾರೆ, ಪ್ರತಿ ಚುಕ್ಕೆಗೂ ಒಂದು ಸಂಖ್ಯೆ, ಸಂಖ್ಯೆಗೊಂದು ಬಣ್ಣ. ಆಮೇಲೆ ಔಷಧವನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತಾರೆ. ರೋಗಿ ಉಸಿರು ಬಿಗಿಹಿಡಿದಾಗ ಎರಡೂವರೆ ನಿಮಿಷಕ್ಕೊಮ್ಮೆ ಮತ್ತೆ ಅದೇ ನಕ್ಷೆ, ಅರ್ಧ ಗಂಟೆಯವರೆಗೆ. ರಕ್ತದ ಟಿ1 ಬೇಗ ಕುಸಿದು ಮೇಲೇಳತೊಡಗಿದರೆ, ಆರೋಗ್ಯವಂತ ಸ್ನಾಯುವಿನದು ಇಳಿಯುತ್ತಲೇ ಹೋಗುತ್ತದೆ, ಕೋಶ ಮ್ಯಾಂಗನೀಸನ್ನು ಹಿಡಿದಿಟ್ಟುಕೊಳ್ಳುತ್ತಿದೆ ಎಂದು ಅರ್ಥ. ಸತ್ತ ಸ್ನಾಯು ರಕ್ತವನ್ನೇ ಹಿಂಬಾಲಿಸುತ್ತದೆ. ಇವೆರಡರ ಹೋಲಿಕೆಯಿಂದ ಸ್ನಾಯು ಎಷ್ಟು ವೇಗವಾಗಿ ಮ್ಯಾಂಗನೀಸ್ ಸೆಳೆಯುತ್ತಿದೆ ಎಂಬ ಒಂದು ಅಂಕಿ ಹೊರಡುತ್ತದೆ. ಇದ್ದದ್ದು ಬಿಳಿ ಕಪ್ಪಿನ ತೀರ್ಪು, ಸಿಕ್ಕದ್ದು ಅಳತೆ.

ಈ ಅಳತೆಯಿಂದ ಬಂದ ಅತ್ಯಂತ ಕುತೂಹಲದ ಫಲಿತಾಂಶ, ನನ್ನ ಮಟ್ಟಿಗೆ, ಹೃದಯಾಘಾತದ್ದಲ್ಲ. ತೀವ್ರ ದುಃಖ, ಆಘಾತದ ನಂತರ ಹೆಚ್ಚಾಗಿ ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಹೃದಯದ ತುದಿ ಬುಗ್ಗೆಯಂತೆ ಉಬ್ಬುವ ಟಾಕೊಟ್ಸುಬೊ ಎಂಬ ಕಾಯಿಲೆಯಿದೆ. ರಕ್ತನಾಳಗಳಲ್ಲಿ ಅಡಚಣೆ ಇರುವುದಿಲ್ಲ, ಕೆಲವು ವಾರಗಳಲ್ಲಿ ಎಕೋ ಸರಿಹೋಗುತ್ತದೆ, ‘ಗುಣವಾಯಿತು’ ಎಂದು ಮನೆಗೆ ಕಳಿಸುತ್ತಾರೆ. 2022ರಲ್ಲಿ ಎಡಿನ್‌ಬರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಇಂಥವರ ಸ್ನಾಯು ಮ್ಯಾಂಗನೀಸನ್ನು ಬಹಳ ಕಡಿಮೆ ಎತ್ತಿಕೊಂಡಿತು. ಅಷ್ಟೇ ಅಲ್ಲ, ಮೂರು ತಿಂಗಳು ಕಳೆದು ಹೃದಯದ ಬಲ ಮರಳಿ, ಊತ ಇಳಿದ ಮೇಲೂ ಆ ಕೊರತೆ ಪೂರ್ತಿ ಹೋಗಿರಲಿಲ್ಲ. ಟಾಕೊಟ್ಸುಬೊ ಆದ ಹಲವರು ‘ಇನ್ನೂ ಸುಸ್ತು, ಎದೆ ಭಾರ’ ಎನ್ನುತ್ತಲೇ ಇರುತ್ತಾರೆ, ವರದಿ ನೋಡಿದ ವೈದ್ಯರು ಮನಸ್ಸಿನ ಕಡೆ ಬೆರಳು ತೋರುತ್ತಾರೆ. ಆ ದೂರಿಗೆ ಕೋಶದ ಮಟ್ಟದ ಕಾರಣ ಇರಬಹುದು ಎಂದು ಹೇಳಿದ ಪರೀಕ್ಷೆ ಇದು. ಹಿಗ್ಗಿದ ಹೃದಯದವರಲ್ಲಿಯೂ, ದಪ್ಪ ಗೋಡೆಯ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿಯವರಲ್ಲಿಯೂ ಅದೇ ತಂಡ ಮ್ಯಾಂಗನೀಸ್ ಸೇವನೆ ಕುಗ್ಗಿರುವುದನ್ನು ಕಂಡಿದೆ. ಎಲ್ಲವೂ ಚಿಕ್ಕ ಗುಂಪುಗಳ ಮೇಲಿನ ಅಧ್ಯಯನಗಳು ಎಂಬುದನ್ನು ಮರೆಯಬಾರದು.

ಇನ್ನು ಕಠಿಣ ಆಕ್ಷೇಪಣೆ. ಬದುಕಿರುವ ಸ್ನಾಯು ಎಷ್ಟಿದೆ ಎಂದು ತಿಳಿದರೆ ಚಿಕಿತ್ಸೆ ಬದಲಾಗುತ್ತದೆಯೇ? 2011ರಲ್ಲಿ ಬಂದ ಸ್ಟಿಚ್ ಅಧ್ಯಯನದ ಒಂದು ಭಾಗ, ಬದುಕಿರುವ ಸ್ನಾಯು ಇದ್ದವರಿಗೆ ಬೈಪಾಸಿನಿಂದ ಇತರರಿಗಿಂತ ವಿಶೇಷ ಲಾಭವಾಯಿತು ಎಂದು ತೋರಿಸಲಿಲ್ಲ. 2022ರಲ್ಲಿ ಬ್ರಿಟನ್ನಿನ ರಿವೈವ್ಡ್ ಅಧ್ಯಯನ, ಬಲಗುಂದಿದ ಆದರೆ ಬದುಕಿರುವ ಸ್ನಾಯು ಇದೆ ಎಂದು ಖಚಿತವಾದ 700 ಮಂದಿಯಲ್ಲಿ ಸ್ಟೆಂಟ್ ಹಾಕಿದವರಿಗೂ ಬರೀ ಮಾತ್ರೆ ಪಡೆದವರಿಗೂ ಸಾವು ಮತ್ತು ಹೃದಯ ವೈಫಲ್ಯದ ದಾಖಲಾತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಂದಿನ ವಿಶ್ಲೇಷಣೆಯಲ್ಲಿ ಭವಿಷ್ಯ ಹೇಳಿದ್ದು ಬದುಕಿರುವ ಸ್ನಾಯುವಲ್ಲ, ಕಲೆಯ ಪ್ರಮಾಣ. ಕಲೆ ಅಳೆಯಲು ಗ್ಯಾಡೊಲಿನಿಯಂ ಸಾಕಲ್ಲ! ಮ್ಯಾಂಗನೀಸಿನ ಬೆಂಬಲಿಗರು ಇದಕ್ಕೆ, ಆ ಅಧ್ಯಯನಗಳು ಜೀವಂತಿಕೆಯನ್ನು ಅಳೆದ ಸಾಧನಗಳೇ ಒರಟು ಎಂದು ಉತ್ತರಿಸುತ್ತಾರೆ. ಆ ವಾದದಲ್ಲಿ ಹುರುಳಿರಬಹುದು, ಆದರೆ ಸಾಧನ ಸರಿಯಿಲ್ಲ ಎನ್ನುವುದು ಪ್ರತಿಸಲ ಸೋತಾಗಲೂ ಹೇಳಬಹುದಾದ ಮಾತು. ಸ್ಟೆಂಟ್ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಮ್ಯಾಂಗನೀಸನ್ನು ಜೋಡಿಸುವುದೇ ತಪ್ಪು ಪೇಟೆ ಎಂದು ನನಗನ್ನಿಸುತ್ತದೆ. ಅಲ್ಲಿಗೆ ಬಂದರೆ ಇನ್ನೊಂದು ತೊಡಕೂ ಉಂಟು: ಆ ರೋಗಿಗಳಲ್ಲಿ ಬಿಪಿಗೆಂದು ಅಮ್ಲೋಡಿಪಿನ್ ನುಂಗುವವರಿರುತ್ತಾರೆ, ಆ ಮಾತ್ರೆ ಕೆಲಸ ಮಾಡುವುದು ಎಲ್-ಮಾದರಿಯ ಚಾನೆಲ್ ಮೇಲೆಯೇ. ಮ್ಯಾಂಗನೀಸ್ ಕಡಿಮೆ ಎಂದರೆ ಸ್ನಾಯುವಿನ ದೋಷವೋ ಮಾತ್ರೆಯ ಕೈವಾಡವೋ?

ಮ್ಯಾಂಗನೀಸ್ ತನ್ನ ಬೆಲೆ ತೋರಿಸಬಲ್ಲ ಜಾಗ ಆನುವಂಶಿಕ ಸ್ನಾಯುರೋಗಗಳು. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿಯ ಕುಟುಂಬಗಳಲ್ಲಿ ತಂದೆಗೋ ತಾಯಿಗೋ ಕಾಯಿಲೆ ಇದ್ದರೆ ಮಕ್ಕಳಿಗೆ ವಂಶವಾಹಿ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ವಂಶವಾಹಿ ಇರುವ ಇಪ್ಪತ್ತರ ಹುಡುಗನ ಎಕೋ ಸರಿಯಿರುತ್ತದೆ, ಗ್ಯಾಡೊಲಿನಿಯಂ ಚಿತ್ರದಲ್ಲಿ ಕಲೆ ಇರುವುದಿಲ್ಲ, ಯಾಕೆಂದರೆ ನಾರು ಇನ್ನೂ ಬೆಳೆದಿಲ್ಲ. ಕ್ಯಾಲ್ಸಿಯಂ ವ್ಯವಹಾರ ಮಾತ್ರ ಗೋಡೆ ದಪ್ಪವಾಗುವ ಮೊದಲೇ ಕೆಡಬಹುದು ಎಂದು ಪ್ರಯೋಗಾಲಯದ ಕೆಲಸ ಸೂಚಿಸುತ್ತದೆ. ಅಂಥವರ ಮ್ಯಾಂಗನೀಸ್ ಸೇವನೆಯನ್ನು ಒಮ್ಮೆ ಅಳೆದಿಟ್ಟು, ಐದಾರು ವರ್ಷ ಬರೀ ಎಕೋದಲ್ಲಿ ಹಿಂಬಾಲಿಸಿ, ಯಾರ ಗೋಡೆ ದಪ್ಪವಾಯಿತು, ಯಾರದು ಆಗಲಿಲ್ಲ ಎಂದು ನೋಡಬೇಕು. ಒಬ್ಬೊಬ್ಬರಿಗೆ ಒಂದೇ ಚುಚ್ಚು ಸಾಕಾದ್ದರಿಂದ ಮಿದುಳಿನ ಭಯವೂ ಚಿಕ್ಕದು, ಯುವಕರಾದ್ದರಿಂದ ಬಿಪಿ ಮಾತ್ರೆಯ ಗೊಂದಲವೂ ಅಪರೂಪ. ತೊಡಕಿರುವುದು ಔಷಧದಲ್ಲಿ. ಮ್ಯಾಂಗಫೋಡಿಪಿರ್ 1980ರ ದಶಕದ ಅಣು, ಪೇಟೆಂಟ್ ಎಂದೋ ಮುಗಿದಿದೆ, ದುಡ್ಡು ಹಾಕಿ ಮತ್ತೆ ಒಪ್ಪಿಗೆ ಪಡೆಯಲು ಕಂಪನಿಗಳಿಗೆ ಕಾರಣ ಕಾಣುತ್ತಿಲ್ಲ. ಅಂಥ ಪ್ರಯೋಗಕ್ಕೆ ಹಣ ಸರ್ಕಾರದಿಂದಲೋ ದತ್ತಿ ಸಂಸ್ಥೆಗಳಿಂದಲೋ ಬರಬೇಕು. ಔಷಧವನ್ನು ಎಡಿನ್‌ಬರದವರು ಮಾಡಿಕೊಂಡಂತೆ ಆಯಾ ಸಂಶೋಧಕರೇ ಒದಗಿಸಿಕೊಳ್ಳಬೇಕು.